ಉಳಿತಾಯದ ವರ್ಷ

ನನ್ನ ಅಣ್ಣ ತೀರಿಕೊಂಡ ವರ್ಷ ಸರ್ಕಾರದ ಬಡ್ಜೆಟ್ಟಿನಲ್ಲಿ ಹಣ ಮಿಕ್ಕಿತ್ತು. ಆ ಸುದ್ದಿಯನ್ನು ನಮ್ಮ ವಠಾರದಲ್ಲಿ ಗಟ್ಟಿಯಾಗಿ ಓದಿದವಳು ನಾನು. ಈಗಲೂ ಯಾರಾದರೂ ಸಂಸ್ಥಾನ ಚೇತರಿಸಿಕೊಂಡಿತು ಎಂದು ಆ ಕಾಲವನ್ನು ಹೊಗಳಿದರೆ ನನ್ನ ಮೂಗಿಗೆ ವಾಸನೆ ಬರುತ್ತದೆ. ಹುಳಿತ ಬೆಲ್ಲ, ಒದ್ದೆ ಗೋಣಿಚೀಲ, ಚರಂಡಿಯಲ್ಲಿ ಹರಿಯದೆ ನಿಂತ ವಾಂತಿ, ಅದರ ಮೇಲೆ ಯಾರೋ ಸುರಿದ ಫಿನಾಯಿಲು. ಎದ್ದು ಬೇರೆ ಕಡೆ ಹೋಗುತ್ತೇನೆ.

ನಮ್ಮ ವಠಾರ ಹಲಸೂರಿನಲ್ಲಿ, ಕೆರೆಯ ಕಡೆಯಿಂದ ಬರುವ ಒಂದು ಓಣಿಯ ತುದಿಗಿತ್ತು. ಒಂದೇ ಸಾಲಿನ ಮನೆಗಳು, ಎಲ್ಲಕ್ಕೂ ಸೇರಿ ಒಂದು ನಲ್ಲಿ. ರಸ್ತೆಗೆ ಮುಖ ಮಾಡಿದ್ದ ದೊಡ್ಡ ಮನೆಯಲ್ಲಿ ಮಾಲೀಕರು ಇದ್ದರು. ಅದರ ಪಕ್ಕದಲ್ಲಿ ಅವರದೇ ಒಂದು ಕೋಣೆ ಖಾಲಿ ಬಿದ್ದಿತ್ತು. ಅದರ ಹಿಂಗೋಡೆಗೆ ಅಂಟಿಕೊಂಡಿದ್ದ ಮನೆ ನಮ್ಮದು. ಅಣ್ಣ, ಅತ್ತಿಗೆ, ನಾನು. ಅವರಿಗೆ ಮಕ್ಕಳಿರಲಿಲ್ಲ. ನಾನು ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಲೋಯರ್ ಸೆಕೆಂಡರಿವರೆಗೆ ಓದಿದ್ದೆ. ವಠಾರದ ಹೆಂಗಸರಲ್ಲಿ ಕನ್ನಡ ಪೇಪರು ಸಲೀಸಾಗಿ ಓದಲು ಬರುತ್ತಿದ್ದದ್ದು ನನಗೊಬ್ಬಳಿಗೇ. ಮಾಲೀಕರ ಮನೆಗೆ ಬರುವ ಪೇಪರನ್ನು ಮಧ್ಯಾಹ್ನದ ಮೇಲೆ ಅವರ ಜಗಲಿಯಲ್ಲಿ ಕೂತು ಓದಿ ಹೇಳುತ್ತಿದ್ದೆ. ಅವರಿಗೆ ಕಣ್ಣು ಮಂಜು. ಆರಾಮಕುರ್ಚಿಯಲ್ಲಿ ಒರಗಿ ಕೇಳುತ್ತಿದ್ದರು.

ಅಣ್ಣ ದರ್ಜಿ. ಯುದ್ಧದ ವರ್ಷಗಳಲ್ಲಿ ಅವನಿಗೆ ಶಿವಾಜಿನಗರದಲ್ಲಿ, ಆಗ ಬ್ಲಾಕ್‌ಪಲ್ಲಿ ಎನ್ನುತ್ತಿದ್ದರು, ಮಿಲಿಟರಿ ಬಟ್ಟೆ ಹೊಲಿಯುವ ಒಂದು ಷೆಡ್ಡಿನಲ್ಲಿ ಕೆಲಸವಿತ್ತು. ಖಾಕಿ ಚಡ್ಡಿ, ಖಾಕಿ ಅಂಗಿ. ದಂಡು ಎಂದರೆ ಬ್ರಿಟಿಷರ ಕಂಟೋನ್ಮೆಂಟು, ಅದರ ತುಂಬ ಸೋಲ್ಜರುಗಳು. ಅವರನ್ನು ನಂಬಿಕೊಂಡು ರೊಟ್ಟಿ ಸುಡುವವರು, ಬಟ್ಟೆ ಒಗೆಯುವವರು, ಜಟಕಾದವರು, ಬೂಟಿಗೆ ಮೊಳೆ ಹೊಡೆಯುವವರು. ಅಕ್ಕಿಗೆ ರೇಷನ್ನು ಇದ್ದರೂ ಕೆಲಸಕ್ಕೆ ರೇಷನ್ನು ಇರಲಿಲ್ಲ. "ಹಿಟ್ಲರ್ ಇರೋವರೆಗೂ ನನ್ನ ಮಿಷನ್ ನಿಲ್ಲಲ್ಲ ಕಣೇ" ಎಂದು ಅಣ್ಣ ಅತ್ತಿಗೆಗೆ ಹೇಳುತ್ತಿದ್ದ. ಅತ್ತಿಗೆ ಬಾಯಿಗೆ ಸೆರಗು ಅಡ್ಡ ಹಿಡಿದು, "ಥೂ, ಅವನ ಹೆಸರು ಒಲೆ ಮುಂದೆ ಹೇಳ್ಬೇಡಿ" ಎನ್ನುತ್ತಿದ್ದಳು.

ಯುದ್ಧ ಮುಗಿಯಿತು. ಸೋಲ್ಜರುಗಳು ರೈಲು ಹತ್ತಿದರು. ಷೆಡ್ಡಿಗೆ ಬೀಗ ಬಿತ್ತು. ಆಮೇಲಿನ ಎರಡು ಮೂರು ವರ್ಷ ದಂಡು ಮದುವೆ ಮುಗಿದ ಚಪ್ಪರದಂತೆ ಇತ್ತು. ಜಟಕಾದವರು ಕುದುರೆ ಮಾರಿದರು. ಮಾರ್ಕೆಟ್ಟಿನ ಹಿಂದೆ ಮಟನ್ ಅಂಗಡಿಗಳಲ್ಲಿ ನೊಣಗಳೇ ಗಿರಾಕಿಗಳು. ಪೇಪರಿನವರು ಇದನ್ನು ಮುಗ್ಗಟ್ಟು ಎಂದು ಬರೆಯುತ್ತಿದ್ದರು.

ಅಣ್ಣನಿಗೆ ಕೊನೆಗೆ ಸಿಕ್ಕ ಕೆಲಸ ಹೊಲಿಯುವುದಲ್ಲ, ಬಿಚ್ಚುವುದು. ಮಿಲಿಟರಿಯವರು ಬಿಟ್ಟುಹೋದ ಹಳೇ ಬಟ್ಟೆಗಳನ್ನು ವ್ಯಾಪಾರಿಗಳು ಡಿಸ್ಪೋಸಲ್ ಮಾಲು ಎಂದು ಗಂಟುಗಟ್ಟಲೆ ಹಿಡಿದಿದ್ದರು. ಅದರ ಹೊಲಿಗೆ ಬಿಚ್ಚಿ, ಗುಂಡಿ ಕಿತ್ತು, ಬಟ್ಟೆಯನ್ನು ಬೇರೆ ಮಾಡಿ ಕೊಡಬೇಕು. ಅದರಿಂದ ಮಕ್ಕಳ ಚಡ್ಡಿ, ಕೈಚೀಲ ಮಾಡುತ್ತಿದ್ದರು. ನಾವು ಮೂವರೂ ಬ್ಲೇಡು ಹಿಡಿದು ಕೂರುತ್ತಿದ್ದೆವು. ಆ ಬಟ್ಟೆಯ ಕಂಕುಳಲ್ಲಿ ಬೆವರು ಉಪ್ಪುಗಟ್ಟಿರುತ್ತಿತ್ತು. ಕೆಲವದರಲ್ಲಿ ಕಂದು ಕಲೆ. ಅದು ಏನು ಎಂದು ನಾವು ಮಾತಾಡುತ್ತಿರಲಿಲ್ಲ. ಕೈ ತೊಳೆದೂ ತೊಳೆದೂ ಅತ್ತಿಗೆಯ ಚರ್ಮ ಬಿಳುಚಿಕೊಂಡಿತ್ತು. ಅಣ್ಣ ಒಂದು ದಿನ ಒಂದು ಅಂಗಿಯ ಕಾಜಾ ನೋಡಿ, "ಇದು ನಂದೇ" ಎಂದ. ಅದನ್ನೂ ಬಿಚ್ಚಿದ. ಸಂಜೆ ಎದ್ದು ಹೊರಗೆ ಹೋದ.

ಅವನು ಕುಡಿಯಲು ಶುರುಮಾಡಿದ್ದು ಯಾವ ದಿನ ಎಂದು ನನಗೆ ಗೊತ್ತಿಲ್ಲ. ನಮ್ಮ ಓಣಿಯ ಎದುರಿಗೆ, ರಸ್ತೆ ದಾಟಿದರೆ, ಸರ್ಕಾರದ ಸಾರಾಯಿ ಅಂಗಡಿ ಇತ್ತು. ವರ್ಷಕ್ಕೊಮ್ಮೆ ಅದನ್ನು ಹರಾಜು ಹಾಕುತ್ತಿದ್ದರು. ಹರಾಜಿನಲ್ಲಿ ಗೆದ್ದವನು ಆ ವರ್ಷದ ಗುತ್ತಿಗೆದಾರ. ನಮ್ಮ ಬೀದಿಯ ಗಂಡಸರು ಕುಡಿಯಲು ಹೋಗುವುದಕ್ಕೆ "ಕಂದಾಯ ಕಟ್ಟೋದು" ಎನ್ನುತ್ತಿದ್ದರು. "ಎಲ್ಲಿಗೆ ಗುರು?" "ಕಂದಾಯ ಕಟ್ಟಿ ಬರ್ತೀನಿ." "ನಂದೂ ಸ್ವಲ್ಪ ಬಾಕಿ ಇದೆ, ತಡಿ." ಹೀಗೆ ನಗುತ್ತಾ ಹೋಗುತ್ತಿದ್ದರು. ಅಣ್ಣನೂ ಬಾಗಿಲಲ್ಲಿ ನಿಂತು ಅತ್ತಿಗೆಗೆ, "ಕಂದಾಯ ಕಟ್ಟದಿದ್ರೆ ಸರ್ಕಾರ ಮನೆ ಜಪ್ತಿ ಮಾಡುತ್ತೆ ಕಣೇ" ಎಂದು ಕಣ್ಣು ಹೊಡೆಯುತ್ತಿದ್ದ. ಮೊದಮೊದಲು ಅತ್ತಿಗೆಯೂ ನಕ್ಕಿದ್ದಳು. ಗಂಡಸರು ತಮಾಷೆಗೆ ಹೇಳುತ್ತಿದ್ದ ಆ ಮಾತು ಅಕ್ಷರಶಃ ನಿಜವೆಂದು ನಮಗೆ ಗೊತ್ತಿರಲಿಲ್ಲ.

ದಂಡು ಬ್ರಿಟಿಷರ ಕೈಯಿಂದ ಸಂಸ್ಥಾನಕ್ಕೆ ಸೇರಿದ ಮರುವರ್ಷ ಅಣ್ಣನ ಕಣ್ಣು ಅರಿಸಿನವಾಯಿತು. ಹೊಟ್ಟೆ ಉಬ್ಬಿತು. ದಂಡಿನ ಆಸ್ಪತ್ರೆಯಲ್ಲಿ ಮಲಗಿಸಿಕೊಂಡರು. ಡಾಕ್ಟರು ಅತ್ತಿಗೆಯನ್ನು ಹೊರಗೆ ಕರೆದು ಹೇಳಿದರು: "ಚೇತರಿಸಿಕೊಳ್ತಾರೆ. ಆದ್ರೆ ಲಿವರು ಅನ್ನೋದು ಈಗ ಹರಿದ ಬಟ್ಟೆ ಇದ್ದಹಾಗೆ. ಇನ್ನೊಂದು ಸಲ ಎಳೆದ್ರೆ ಹೊಲಿಯೋಕೆ ನನ್ನ ಕೈಲಾಗಲ್ಲ." ದರ್ಜಿಯ ಹೆಂಡತಿ ಎಂದು ತಿಳಿದೇ ಹಾಗೆ ಹೇಳಿದರೋ ಏನೋ. ಅತ್ತಿಗೆ ಆ ಮಾತನ್ನು ದಾರಿಯುದ್ದಕ್ಕೂ ತನ್ನೊಳಗೇ ಹೇಳಿಕೊಂಡು ಬಂದಳು.

ಮನೆಗೆ ಬಂದಾಗ ಅಣ್ಣ ಬಿದಿರು ಕಡ್ಡಿಯಂತಿದ್ದ. ಆದರೆ ಕುಡಿಯಲಿಲ್ಲ. ಗಂಜಿ, ಮಜ್ಜಿಗೆ, ನೆಲನೆಲ್ಲಿ ಅರೆದ ರಸ. ರಸ್ತೆಗೆ ಹೋದರೆ ಮುಖವನ್ನು ಈ ಕಡೆಯ ಗೋಡೆಗೆ ತಿರುಗಿಸಿಕೊಂಡು ನಡೆಯುತ್ತಿದ್ದ. "ಒಳ್ಳೇ ಹೊಸ ಮದುಮಗಳ ಥರ ಹೋಗ್ತೀಯಲ್ಲೋ" ಎಂದು ಪಕ್ಕದ ಮನೆ ಬೂಬಮ್ಮ ಚುಡಾಯಿಸಿದರೆ, "ಎದುರಿಗೆ ಅತ್ತೆಮನೆ ಇದೆ ಬೂಬಮ್ಮ, ನೋಡಿದ್ರೆ ಕರೀತಾರೆ" ಎಂದ. ತನ್ನ ಕೈಯ ಮೇಲೆ ತನಗೇ ನಂಬಿಕೆಯಿಲ್ಲದ ಮನುಷ್ಯನ ಮಾತು ಅದು. ಅಂಗಡಿ ಅಲ್ಲಿರುವವರೆಗೂ ಅವನು ಬದುಕುವುದು ಅನುಮಾನ ಎಂದು ನಮಗೆ ಮೂವರಿಗೂ ಗೊತ್ತಿತ್ತು. ಪಾನನಿರೋಧ ಬರುತ್ತದೆ ಎಂದು ಪೇಪರಿನಲ್ಲಿ ಬರೆಯುತ್ತಲೇ ಇದ್ದರು. ನಮ್ಮ ಬೀದಿಗೆ ಅದು ಇನ್ನೂ ಬಂದಿರಲಿಲ್ಲ.

ಆ ಬೇಸಿಗೆಯ ಕೊನೆಗೆ ಬಡ್ಜೆಟ್ಟಿನ ಸುದ್ದಿ ಬಂತು. ಜಗಲಿಯಲ್ಲಿ ಅತ್ತಿಗೆ, ಬೂಬಮ್ಮ, ಇನ್ನೂ ಕೆಲವು ಹೆಂಗಸರು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ನಾನು ಓದುತ್ತಾ ಹೋದೆ. ಯುದ್ಧದ ನಂತರದ ಮುಗ್ಗಟ್ಟು ಕಳೆಯುತ್ತಾ ಬಂದಿದೆ, ಆದಾಯ ಏರಿದೆ, ಖರ್ಚು ಕಳೆದು ಉಳಿತಾಯವಾಗಿದೆ ಎಂದಿತ್ತು. ಮುಂದಿನ ವರ್ಷ ಇನ್ನೂ ಚೆನ್ನಾಗಿರುತ್ತದೆ. ಪೂರ್ವದ ಕಡೆ, ಕೃಷ್ಣರಾಜಪುರದವರೆಗೂ, ಕಾರ್ಖಾನೆಗಳು ಬರಬಹುದು, ಕೂಲಿಗಳಿಗೆ ಕೆಲಸ ಸಿಗಬಹುದು.

"ಆ ಭಾಗ ಇನ್ನೊಂದ್ಸಲ ಓದಮ್ಮ" ಎಂದರು ಮಾಲೀಕರು, ಕಣ್ಣು ಮುಚ್ಚಿಕೊಂಡೇ.

ಓದಿದೆ.

ಅತ್ತಿಗೆಯ ಮನಸ್ಸು ಅದಕ್ಕೂ ಮುಂಚಿನ ಮಾತಿನಲ್ಲೇ ಇತ್ತು. "ಉಳಿತಾಯ ಅಂದ್ರೆ? ಎಲ್ಲಾ ಖರ್ಚು ಕಳೆದು ಮಿಕ್ಕಿದೆ ಅಂತಾನಾ?"

"ಹೂಂ."

"ಮಿಕ್ಕಿದ್ರೆ ಈ ಅಂಗಡಿ ಯಾಕೆ ಬೇಕು ಅವರಿಗೆ?"

ಎಲ್ಲರೂ ಮೊರ ಅಲ್ಲಾಡಿಸುವುದನ್ನು ನಿಲ್ಲಿಸಿದರು. ಈಗ ನೆನೆದರೆ ಮಗುವಿನ ಮಾತು. ಆದರೆ ಅಂದು ನನಗೂ ಅದು ಸರಿಯಾಗಿಯೇ ಕಂಡಿತು. ಮನೆ ನಡೆಸುವವರ ಲೆಕ್ಕ ಅದು. ಕಷ್ಟ ಬಂದಾಗ ಮಾಡಬಾರದ ಕೆಲಸವನ್ನೂ ಮಾಡುತ್ತೇವೆ, ಕೈಯಲ್ಲಿ ನಾಲ್ಕು ಕಾಸು ಉಳಿದರೆ ಮೊದಲು ಅದನ್ನು ಬಿಡುತ್ತೇವೆ. ಸೋಲ್ಜರುಗಳ ಬೆವರಿನ ಬಟ್ಟೆ ಬಿಚ್ಚುವುದನ್ನು ನಾವು ಹಾಗೆಯೇ ಬಿಡುವವರಿದ್ದೆವು. ಸರ್ಕಾರವೂ ಹಾಗೆಯೇ ಇರಬೇಕೆಂದುಕೊಂಡೆವು.

"ಹೋಗಿ ಕೇಳಿ" ಎಂದರು ಮಾಲೀಕರು. "ಒಳ್ಳೇ ಕೆಲಸ. ನಮ್ಮ ಬೀದಿಗೂ ಮರ್ಯಾದೆ." ಜಟಕಾ ಕರೆಸಿ ಬಾಡಿಗೆಯನ್ನೂ ಅವರೇ ಕೊಟ್ಟರು.

ಅತ್ತಿಗೆ, ಬೂಬಮ್ಮ, ನಾನು ಅಬಕಾರಿ ಕಚೇರಿಗೆ ಹೋದೆವು. ಅತ್ತಿಗೆ ಮದುವೆಯ ಸೀರೆ ಉಟ್ಟಿದ್ದಳು. ಬಹಳ ಹೊತ್ತು ಕಾಯಿಸಿದ ಮೇಲೆ ಅಧಿಕಾರಿ ಒಳಗೆ ಕರೆದರು. ಕೆಟ್ಟ ಮನುಷ್ಯನಲ್ಲ. ಕೂರಲು ಬೆಂಚು ತೋರಿಸಿದರು. ನಾವು ಕೂರಲಿಲ್ಲ.

"ಏನಮ್ಮ ನಿಮ್ಮದು?"

"ಸ್ವಾಮಿ, ಸರ್ಕಾರಕ್ಕೆ ಈ ಸಲ ಖರ್ಚೆಲ್ಲ ಕಳೆದು ಉಳಿದಿದೆಯಂತೆ" ಎಂದಳು ಅತ್ತಿಗೆ.

"ಹೌದು. ಅದಕ್ಕೆ?"

"ಉಳಿದಿದೆ ಅಂದ್ಮೇಲೆ ನಮ್ಮ ಬೀದಿ ಅಂಗಡಿ ದುಡ್ಡು ಬೇಕಾಗಲ್ಲ. ಮುಚ್ಚಿಸ್ಬಿಡಿ. ನಮ್ಮನೆಯವರು ಈಗ ತಾನೇ ಆಸ್ಪತ್ರೆಯಿಂದ ಬಂದಿದಾರೆ."

ಅವರು ಪಕ್ಕದ ಮೇಜಿನ ಗುಮಾಸ್ತರ ಕಡೆ ತಿರುಗಿ, "ಕೇಳಿದ್ರೇನ್ರೀ? ಬಡ್ಜೆಟ್ ಹೇಗೆ ಮಾಡ್ಬೇಕು ಅಂತ ಹೇಳ್ಕೊಡೋಕೆ ಬಂದಿದಾರೆ" ಎಂದರು. ಗುಮಾಸ್ತರು ಪೆನ್ನು ಕೆಳಗಿಟ್ಟು ನಕ್ಕರು. ಅಧಿಕಾರಿಯೂ ನಕ್ಕರು. ನಗು ಮುಗಿದ ಮೇಲೆ ಮಗುವಿಗೆ ಹೇಳುವಂತೆ ಹೇಳಿದರು. "ಅಮ್ಮ, ಇಂಥ ಅಂಗಡಿಗಳು ಇರೋದ್ರಿಂದಲೇ ಉಳಿದಿರೋದು. ಇವು ಮುಚ್ಚಿದ್ರೆ ಎಲ್ಲಿಂದ ಉಳಿಯುತ್ತೆ? ಸ್ಕೂಲು, ಆಸ್ಪತ್ರೆ ಎಲ್ಲಿಂದ ನಡೆಯುತ್ತೆ? ನಿಮ್ಮ ಯಜಮಾನರು ಮಲಗಿದ್ದ ಮಂಚ ಎಲ್ಲಿಂದ ಬಂತು ಅಂದ್ಕೊಂಡ್ರಿ?"

"ನಮ್ಮನೇಲಿ ಅನ್ನ ಮಿಕ್ಕಿದ್ರೆ ಮಾರನೇ ದಿನ ಅಕ್ಕಿ ಕಡಿಮೆ ಹಾಕ್ತೀವಿ ಸ್ವಾಮಿ" ಎಂದಳು ಅತ್ತಿಗೆ. ಅವಳಿಗೆ ಇನ್ನೂ ಅರ್ಥವಾಗಿರಲಿಲ್ಲ.

"ಇಲ್ಲಿ ಮಿಕ್ಕಿದ್ರೆ ಇನ್ನೊಂದು ಹಂಡೆ ಒಲೆ ಮೇಲೆ ಇಡ್ತಾರೆ. ಬಾರಮ್ಮ" ಎಂದು ಬೂಬಮ್ಮ ಅವಳ ತೋಳು ಹಿಡಿದಳು.

ಆ ಮಾತು ಅಧಿಕಾರಿಗೆ ಎಲ್ಲೋ ತಗುಲಿತು. ನಗು ಬಿಟ್ಟು ಒಂದು ವಿಷಯ ಹೇಳಿದರು. ನಮ್ಮ ಅಂಗಡಿಗೆ ಎರಡು ವರ್ಷದಿಂದ ವ್ಯಾಪಾರವೇ ಇಲ್ಲ. ಹಳೇ ಗುತ್ತಿಗೆದಾರ ಈ ಸಲ ಕೂಗುವುದಿಲ್ಲ ಎಂದು ಹೇಳಿ ಹೋಗಿದ್ದಾನೆ. ಹರಾಜಿನ ದಿನ ಯಾರೂ ಕೂಗದೆ ಹೋದರೆ ಅಂಗಡಿ ತಾನಾಗಿಯೇ ಎದ್ದುಹೋಗುತ್ತದೆ. "ನೀವು ಏನೂ ಮಾಡ್ಬೇಕಾಗಿಲ್ಲ. ಸುಮ್ನಿರಿ ಸಾಕು."

ದಾರಿಯಲ್ಲಿ ನಾವು ಮೂವರೂ ನಕ್ಕೆವು. ದಂಡಿನ ಬಡತನ ನಮಗೆ ಮೊದಲ ಸಲ ಉಪಕಾರ ಮಾಡಲು ಹೊರಟಿತ್ತು. ಕೆಲಸವಿಲ್ಲದ ಗಂಡಸರಿಂದ ಅಂಗಡಿ ಸೊರಗಿದೆ, ಇನ್ನು ಸಾಯುತ್ತದೆ. ಮನೆಗೆ ಬಂದವರೇ ಜಗಲಿಯಲ್ಲಿ ಎಲ್ಲವನ್ನೂ ಹೇಳಿದೆವು. ಹಳೇ ಗುತ್ತಿಗೆದಾರ ಬರುವುದಿಲ್ಲವಂತೆ, ಬೇರೆ ಯಾರೂ ಇಲ್ಲವಂತೆ. ಮಾಲೀಕರು ಕುರ್ಚಿಯಲ್ಲಿ ನೆಟ್ಟಗೆ ಕೂತು ಕೇಳಿದರು. "ಯಾರೂ ಇಲ್ಲ ಅಂತಾನೇ ಹೇಳಿದ್ರಾ?" ಎಂದು ವಿಚಾರಿಸಿದರು. ಅತ್ತಿಗೆ ಅವರ ಕಾಲಿಗೆ ಬಿದ್ದಳು. ಜಟಕಾದ ಉಪಕಾರಕ್ಕೆ.

ಹರಾಜಿನ ದಿನ ನಾವು ಕಚೇರಿಯ ಅಂಗಳದಲ್ಲಿ ಹೊಂಗೆ ಮರದ ಕೆಳಗೆ ನಿಂತಿದ್ದೆವು. ಹೆಂಗಸರು ಅಲ್ಲಿ ಬೇರೆ ಯಾರೂ ಇರಲಿಲ್ಲ. ಗುತ್ತಿಗೆದಾರರು ಜರಿಪೇಟ, ರೇಷ್ಮೆ ಅಂಗವಸ್ತ್ರ, ಬೆರಳ ತುಂಬ ಉಂಗುರ ತೊಟ್ಟು ಬಂದಿದ್ದರು. ಕೆಲವರ ಹಣೆಯಲ್ಲಿ ಕುಂಕುಮ, ದೇವಸ್ಥಾನದಿಂದ ನೇರವಾಗಿ ಬಂದವರ ಹಾಗೆ. ಎಲೆಯಡಿಕೆ ಜಗಿದು ಗೋಡೆಗೆ ಉಗಿಯುತ್ತಾ ಒಂದೊಂದು ಅಂಗಡಿಯ ಹೆಸರು ಬಂದಾಗಲೂ ಸಂತೆಯಲ್ಲಿ ದನಕ್ಕೆ ಕೂಗುವಂತೆ ಕೂಗುತ್ತಿದ್ದರು. ಮಧ್ಯದಲ್ಲಿ ನಮ್ಮ ಮಾಲೀಕರು ಬಿಳೀ ಕೋಟು ಹಾಕಿಕೊಂಡು ಬಂದರು.

"ನೋಡೇ, ನಮಗೋಸ್ಕರ ಬಂದಿದಾರೆ" ಎಂದಳು ಅತ್ತಿಗೆ.

ನಮ್ಮ ಅಂಗಡಿಯ ಸರದಿ ಬಂತು. ಯಾರೂ ಕೂಗಲಿಲ್ಲ. ಒಬ್ಬ, "ಅದನ್ನ ಯಾರು ತಗೋತಾರೆ ಸ್ವಾಮಿ, ಅಲ್ಲಿ ನಾಯಿನೂ ನೀರು ಕುಡಿಯಲ್ಲ" ಎಂದ. ಉಳಿದವರು ನಕ್ಕರು. ಅಧಿಕಾರಿ ಇನ್ನೊಂದು ಸಲ ಕೇಳಿದರು. ಅತ್ತಿಗೆ ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆಯಿಲ್ಲದ ಕೈಯಲ್ಲಿ ಅವಳ ಉಗುರು ಬಳೆಯಂತೆ ಮೂಡಿತ್ತು. ಆಗ ಒಂದು ಧ್ವನಿ ಕೂಗಿತು. ಪ್ರತಿದಿನ "ಇನ್ನೊಂದ್ಸಲ ಓದಮ್ಮ" ಎನ್ನುತ್ತಿದ್ದ ಧ್ವನಿ. ಅದು ಕೂಗಿದ್ದೇ ತಡ, ಈತನಿಗೆ ಏನೋ ಗೊತ್ತಿರಬೇಕು ಎಂದು ಬೇರೆಯವರೂ ಕೂಗತೊಡಗಿದರು. ಏರಿತು, ಇನ್ನೂ ಏರಿತು. ಕೊನೆಗೆ ಮಾಲೀಕರಿಗೇ ಆಯಿತು. ಅಧಿಕಾರಿ ನಮ್ಮ ಕಡೆ ನೋಡಿ, ನೋಡಲಿಲ್ಲವೆಂಬಂತೆ ಮುಂದಿನ ಅಂಗಡಿಯ ಹೆಸರು ಓದಿದರು.

ಸಂಜೆ ಬೂಬಮ್ಮ ಜಗಲಿಯ ಮುಂದೆಯೇ ನಿಂತು ಕೇಳಿದಳು. "ಹೀಗಾ ಮಾಡೋದು ಸಾಹೇಬ್ರೆ?"

ಅವರಿಗೆ ಮುಜುಗರವೇ ಆಗಲಿಲ್ಲ. ಅದೇ ನನಗೆ ಇಂದಿಗೂ ಹೇಸಿಗೆ. "ನಾನಲ್ದಿದ್ರೆ ಯಾವನೋ ಪೋಲಿ ತಗೋತಿದ್ದ. ನನ್ನ ಕೈಲಿದ್ರೆ ಮರ್ಯಾದೆಯಾಗಿ ನಡೆಯುತ್ತೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನೇ ಓದಿದ್ದಲ್ಲಮ್ಮ, ಒಳ್ಳೇ ಕಾಲ ಬರ್ತಾ ಇದೆ ಅಂತ. ಕೂಲಿ ಸಿಕ್ಕಿದ್ರೆ ಗಂಡಸರು ಕುಡಿಯದೇ ಇರ್ತಾರಾ?" ಎಂದು ನಕ್ಕರು. ಬಾಯಲ್ಲಿ ಕಲ್ಲುಸಕ್ಕರೆ ಇತ್ತು. ಅದನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸುತ್ತಿದ್ದದ್ದು ಕೆನ್ನೆಯ ಮೇಲೆ ಕಾಣುತ್ತಿತ್ತು.

ಹಳೇ ಅಂಗಡಿಯ ಜಾಗ ಬೇರೆಯವರದು. ಅದಕ್ಕೆ ಬಾಡಿಗೆ ಯಾಕೆ ದಂಡ ಎಂದು ಅವರು ತಮ್ಮ ಖಾಲಿ ಕೋಣೆಗೇ ಅಂಗಡಿಯನ್ನು ತಂದರು. ಎದ್ದುಹೋಗಲೆಂದು ನಾವು ಬೇಡಿಕೊಂಡ ಅಂಗಡಿ ರಸ್ತೆ ದಾಟಿ ನಮ್ಮ ಅಡುಗೆಮನೆಯ ಗೋಡೆಗೆ ಬಂದು ಕೂತಿತು. ಗೋಡೆಯ ಆ ಕಡೆ ಲೋಟ ಇಟ್ಟರೆ ಈ ಕಡೆ ಸದ್ದು. ಒಲೆಯ ಹೊಗೆಗಿಂತ ಆ ವಾಸನೆಯೇ ಮುಂದೆ. ಅನ್ನ ಬೇಯುವಾಗಲೂ ಅದು, ದೇವರಿಗೆ ಊದುಬತ್ತಿ ಹಚ್ಚಿದರೂ ಅದು. ಗಂಡಸರು ಮೂತ್ರಕ್ಕೆ ನಮ್ಮ ಬಾಗಿಲ ಪಕ್ಕದ ಚರಂಡಿಗೆ ಕೂರುತ್ತಿದ್ದರು. ಅತ್ತಿಗೆ ಬೆಳಿಗ್ಗೆ ಎದ್ದು ಮೊದಲು ಅದನ್ನು ತೊಳೆದು ಆಮೇಲೆ ರಂಗೋಲಿ ಹಾಕುತ್ತಿದ್ದಳು. ಬೇರೆ ಮನೆ ಹುಡುಕಿದೆವು. ದೇಶ ಇಬ್ಭಾಗವಾಗಿ ವಲಸೆ ಬಂದವರಿಂದ ಊರು ತುಂಬಿದ್ದ ಕಾಲ. ನಮಗೆ ಎಟುಕುವ ಮನೆ ಸಿಗಲಿಲ್ಲ.

ಅಣ್ಣ ತಡೆದುಕೊಂಡ. ಇದನ್ನು ನಾನು ಬರೆಯಲೇಬೇಕು, ಯಾಕೆಂದರೆ ಆಮೇಲೆ ಎಲ್ಲರೂ ಅವನು ಕುಡುಕ ಎಂದಷ್ಟೇ ಹೇಳಿದರು. ಗೋಡೆಗೆ ಬೆನ್ನು ಕೊಟ್ಟು ಕೂತು ಖಾಕಿ ಬಿಚ್ಚುತ್ತಿದ್ದ. ಆ ಕಡೆ ನಗು ಜಾಸ್ತಿಯಾದರೆ ಈ ಕಡೆ ಅವನು ನಮ್ಮೊಡನೆ ಏನಾದರೂ ಮಾತು ತೆಗೆಯುತ್ತಿದ್ದ. ಕೆರೆಯಲ್ಲಿ ನೀರೆಷ್ಟಿದೆ, ಈ ಸಲ ಅವರೆಕಾಯಿ ಬೇಗ ಬಂತು, ಇಂಥವು. ಮಳೆಗಾಲ ಹಾಗೆಯೇ ಕಳೆಯಿತು. ಕಣ್ಣಿನ ಹಳದಿ ಹೋಗಿತ್ತು.

ಡಿಸ್ಪೋಸಲ್ ಮಾಲು ಮುಗಿಯುತ್ತಾ ಬಂದು ಬಿಚ್ಚುವ ಕೆಲಸವೂ ನಿಂತಾಗ ಮಾಲೀಕರು ಅವನನ್ನು ಕರೆಸಿದರು. ಅಂಗಡಿಯ ಬಾಗಿಲಿಗೆ ಹಸಿರು ಪರದೆ ಬೇಕಾಗಿತ್ತು. ಒಳಗೆ ಕೂತವರು ರಸ್ತೆಗೆ ಕಾಣಬಾರದು. ಅವರ ಮರ್ಯಾದೆ ಎಂದರೆ ಅದೇ. ಬಹಳ ಕಾಲದ ಮೇಲೆ ಅಣ್ಣನಿಗೆ ಹೊಲಿಯುವ ಕೆಲಸ ಬಂದಿತ್ತು. ಅತ್ತಿಗೆ ಬೇಡ ಎಂದಳು. "ಬಟ್ಟೆ ಹೊಲೀತೀನಿ ಕಣೇ, ಕುಡಿಯಲ್ಲ. ಹೊಸ ಬಟ್ಟೆ ಮುಟ್ಟಿ ಎಷ್ಟು ದಿನ ಆಯ್ತು" ಎಂದ. ಮಿಷನ್ನಿಗೆ ಎಣ್ಣೆ ಬಿಟ್ಟ. ಅಂಚಿಗೆ ಎರಡು ಸಾಲು ಹೊಲಿಗೆ ಹಾಕಿದ, ಯಾರೂ ಕೇಳದಿದ್ದರೂ. ಪರದೆ ನೇತು ಹಾಕಲು ಹೋದವನಿಗೆ ಮಾಲೀಕರು ಕೂಲಿ ಕೊಟ್ಟರು, ಜೊತೆಗೆ ಒಂದು ಲೋಟ ತುಂಬಿಸಿ ಕೊಟ್ಟರು. ಅಲ್ಲಿ ಇದ್ದವರು ಆಮೇಲೆ ನಮಗೆ ಹೇಳಿದ್ದು: ಅವನು ಬೇಡ ಎಂದನಂತೆ. "ಮೊದಲ್ನೇ ಪರದೆ, ಹೊಲಿದವನೇ ಬೋಣಿ ಮಾಡ್ಬೇಕು, ಇಲ್ದಿದ್ರೆ ಅಂಗಡಿಗೆ ಏಳಿಗೆ ಇಲ್ಲ" ಎಂದರಂತೆ ಮಾಲೀಕರು. ಸುತ್ತ ಕೂತವರೂ ಕೂಗಿದರಂತೆ.

ಅಂದು ಕುಡಿದ ಮೇಲೆ ಅವನು ಗೋಡೆಯ ಈ ಕಡೆ ಕೂತದ್ದೇ ಕಡಿಮೆ. ಸಂಕ್ರಾಂತಿ ಕಳೆದ ಮೇಲೆ ರಕ್ತ ವಾಂತಿಯಾಯಿತು. ಆಸ್ಪತ್ರೆಯ ಅದೇ ಡಾಕ್ಟರು ಈ ಸಲ ಅತ್ತಿಗೆಯನ್ನು ಹೊರಗೆ ಕರೆಯಲಿಲ್ಲ.

ಹೆಣ ಎತ್ತುವ ದಿನ ಮಾಲೀಕರು ಗೌರವಕ್ಕೆಂದು ಮಧ್ಯಾಹ್ನದವರೆಗೆ ಅಂಗಡಿ ಮುಚ್ಚಿಸಿದ್ದರು. ಒಂದು ಹಾರ ತಂದು ಹಾಕಿ, "ಒಳ್ಳೇ ಕೈ. ಅವನ ಥರ ಕಾಜಾ ಕಟ್ಟೋರು ಇಲ್ಲ" ಎಂದರು. ಸ್ಮಶಾನದಿಂದ ಬಂದ ಗಂಡಸರು ನಮ್ಮ ಬಾಗಿಲಲ್ಲಿ ದೀಪ ನೋಡಿ, ಕಾಲಿಗೆ ನೀರು ಹಾಕಿಕೊಂಡು, ಮನೆಗೆ ಹೋಗದೆ ಅಲ್ಲೇ ಗೋಡೆಯ ನೆರಳಿಗೆ ನಿಂತರು. ಯಾಕೆ ನಿಂತಿದ್ದಾರೆಂದು ನನಗೆ ತಿಳಿಯಲಿಲ್ಲ. ಬಾಗಿಲು ತೆಗೆಯುವ ಸದ್ದು ಕೇಳಿ, ಹಸಿರು ಪರದೆ ಸರಿಸಿಕೊಂಡು ಒಬ್ಬೊಬ್ಬರಾಗಿ ಒಳಗೆ ಹೋದ ಮೇಲೆ ತಿಳಿಯಿತು.

ಮುಂದಿನ ಬೇಸಿಗೆಗೆ ಮತ್ತೆ ಬಡ್ಜೆಟ್ಟು ಬಂತು. ಜಗಲಿಗೆ ನಾನು ಹೋಗುವುದನ್ನು ಬಿಟ್ಟಿದ್ದೆ. ಪೇಪರು ತಂದವಳು ಅತ್ತಿಗೆ, ಎಲ್ಲಿಂದಲೋ. ಮಿಷನ್ನಿನ ಹತ್ತಿರ ಕೂತು, ಓದು ಎಂದಳು. ಬೇಡ ಎಂದೆ. "ಓದು. ನನಗೆ ಕೇಳ್ಬೇಕು."

ಓದಿದೆ. ಈ ಸಲವೂ ಚೇತರಿಕೆ ಮುಂದುವರಿದಿದೆ ಎಂದಿತ್ತು. ಕಂದಾಯ, ಕಾಡು, ರೈಲು, ಹೀಗೆ ಆದಾಯದ ಬಾಬುಗಳನ್ನು ಒಂದೊಂದಾಗಿ ಬರೆದಿದ್ದರು. ಅಬಕಾರಿಯ ಸಾಲು ಬಂದಾಗ ಅತ್ತಿಗೆ ಕೈ ಎತ್ತಿ ನಿಲ್ಲಿಸಿದಳು.

"ಅದರಲ್ಲಿ ಇವರದ್ದು ಎಷ್ಟು?"

ಅವಳು ವ್ಯಂಗ್ಯವಾಗಿ ಕೇಳಲಿಲ್ಲ. ಅಳುತ್ತಲೂ ಇರಲಿಲ್ಲ. ಹೇಳಿದರೆ ನೆನಪಿಟ್ಟುಕೊಳ್ಳುವವಳಂತೆ ನನ್ನ ಮುಖ ನೋಡುತ್ತಿದ್ದಳು. ಅವಳ ಗಂಡನದು ಎಂದು ಜಗತ್ತಿನಲ್ಲಿ ಎಲ್ಲಾದರೂ ಏನಾದರೂ ಉಳಿದಿದ್ದರೆ ಅದು ಆ ಸಾಲಿನೊಳಗೆ ಇತ್ತು. ಅದನ್ನು ಬೇರೆ ಮಾಡಿ ತೋರಿಸು ಎಂದು ಕೇಳುತ್ತಿದ್ದಳು.

"ಹಾಗೆಲ್ಲ ಬರೆಯೋದಿಲ್ಲ ಅತ್ತಿಗೆ" ಎಂದೆ.

"ಎಲ್ಲಾರ್ದೂ ಒಟ್ಟಿಗೆ ಸೇರಿಸ್ಬಿಡ್ತಾರಾ?"

"ಹೂಂ."

ಗೋಡೆಯ ಆ ಕಡೆ ಯಾರೋ ಲೋಟ ಇಟ್ಟರು. "ಸರಿ, ಮಡಚಿಡು" ಎಂದು ಅತ್ತಿಗೆ ಎದ್ದು ಬಕೆಟ್ಟು ತೆಗೆದುಕೊಂಡು ಬಾಗಿಲ ಮುಂದಿನ ಚರಂಡಿ ತೊಳೆಯಲು ಹೋದಳು.